ಶಾಹೀರರ ಡಫ್ಫು ಮತ್ತು ಗಡಿಯ ಈಚೆಯ ನಾವು

ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಇಬ್ಬರು ಮರಾಠಿ ಶಾಹೀರರನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಗಡಿನಾಡಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಸೊನ್ನಲಿಗೆಯ ಸಿದ್ಧರಾಮನ ಬಗ್ಗೆಯೋ ಮಂಗಳವೇಢೆಯಲ್ಲಿದ್ದ ಬಸವಣ್ಣನ ಬಗ್ಗೆಯೋ ಬರೆದೇನೆಂದು ಅವರು ಎಣಿಸಿರಬೇಕು. ಆ ವಿಷಯಗಳನ್ನು ನನಗಿಂತ ಹೆಚ್ಚು ಬಲ್ಲವರು ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದುಕೊಂಡಿರುವ ಒಂದು ಋಣವಿದೆ, ಅದರೊಡನೆ ಒಂದು ತಕರಾರೂ ಇದೆ. ಎರಡನ್ನೂ ಒಟ್ಟಿಗೆ ಹೇಳಬೇಕಾದರೆ ಈ ಶಾಹೀರರ ಕಥೆಯನ್ನೇ ಹೇಳಬೇಕು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ರಾತ್ರಿ ನನ್ನ ತಂದೆಯವರು ನನ್ನನ್ನು ಗಿರಣಿ ಚಾಳಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ಅಮರ ಶೇಖರು ಬರುವವರಿದ್ದರು. ಊರಿಗೆ ಊರೇ ಅಲ್ಲಿ ನೆರೆದಿತ್ತು. ನಮ್ಮ ಮುಂದೆ ತೆಲುಗು ಮಾತಾಡುವ ಪದ್ಮಶಾಲಿ ಕುಟುಂಬಗಳು, ಪಕ್ಕದಲ್ಲಿ ಕನ್ನಡದ ನೇಕಾರರು, ಹಿಂದೆ ಗೋಡೆಯ ಮೇಲೆ ಹತ್ತಿ ಕುಳಿತ ಹುಡುಗರು. ಕಾರ್ಯಕ್ರಮ ನಡೆದಿದ್ದಾಗ ಧ್ವನಿವರ್ಧಕ ಕೈಕೊಟ್ಟಿತು. ಸಂಘಟಕರು ತಂತಿಗಳೊಡನೆ ಗುದ್ದಾಡುತ್ತಿದ್ದರೆ ಶಾಹೀರರು ಅತ್ತ ತಿರುಗಿಯೂ ನೋಡಲಿಲ್ಲ. ಎಡಗೈಯಲ್ಲಿ ಡಫ್ಫು ಎತ್ತಿ ಹಿಡಿದು, ಕತ್ತಿನ ನರಗಳು ಉಬ್ಬುವಂತೆ ದನಿ ತೆಗೆದರು. ಗೋಡೆಯ ಮೇಲಿನ ಹುಡುಗರಿಗೂ ಅದು ಕೇಳಿಸಿತು. ಆ ವಯಸ್ಸಿನಲ್ಲಿ ನನಗೆ ಆ ಮರಾಠಿಯ ಅರ್ಧ ಮಾತುಗಳು ತಿಳಿಯುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಕುಳಿತ ತಂದೆಯವರು ಅಳುತ್ತಿರುವುದು ತಿಳಿಯಿತು. ಅದುವರೆಗೆ ಅವರು ಅಳುವುದನ್ನು ನಾನು ಕಂಡಿರಲಿಲ್ಲ.

ಅವರು ಯಾಕೆ ಅತ್ತರೆಂಬುದು ತಿಳಿಯಬೇಕಾದರೆ ಸೊಲ್ಲಾಪುರದ ಗಿರಣಿಗಳ ಮಾತನ್ನು ಸ್ವಲ್ಪ ಹೇಳಬೇಕು. 19ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಎದ್ದಿತು. ಜನ ಅದನ್ನು ಕೊನೆಯವರೆಗೂ ಜುನೀ ಮಿಲ್ಲು ಎಂದೇ ಕರೆದರು. ಅದರ ಭೋಂಗಾ ಕೂಗಿದಾಗ ಊರು ಏಳುತ್ತಿತ್ತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಇಂಡಿಯ ಕಡೆಯ ಬರಪೀಡಿತ ಹಳ್ಳಿಗಳಿಂದ ಬಂದ ಕನ್ನಡದ ಜನ ಅಲ್ಲಿ ದುಡಿದರು. ನನ್ನ ತಂದೆಯವರೂ ಅವರಲ್ಲಿ ಒಬ್ಬರು. 1949ರ ಆಗಸ್ಟ್‌ನಲ್ಲಿ ಆಡಳಿತದ ಗೊಂದಲದಿಂದ ಆ ಗಿರಣಿ ಮುಚ್ಚಿತು. ಸಾವಿರಾರು ಮನೆಗಳ ಒಲೆ ಆರಿತು. 1950ರ ಜನವರಿಯಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಗಿರಣಿಯ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಪಾಲುದಾರರೊಬ್ಬರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂವಿಧಾನ ಜಾರಿಗೆ ಬಂದ ವರ್ಷದಲ್ಲಿಯೇ ತೀರ್ಮಾನವಾದ ಆ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಕಾನೂನಿನ ಪುಸ್ತಕದಲ್ಲಿ ಪಾಲುದಾರನ ಹಕ್ಕು ಯಾವುದು, ಸರಕಾರದ ಅಧಿಕಾರ ಯಾವುದು ಎಂಬ ಚರ್ಚೆ ವಿಸ್ತಾರವಾಗಿದೆ. ಆ ತಿಂಗಳುಗಳಲ್ಲಿ ನಮ್ಮವ್ವ ಬೋರಮಾಳ ಸರ ಒತ್ತೆಯಿಟ್ಟು ಜೋಳ ತಂದದ್ದು ಯಾವ ತೀರ್ಪಿನಲ್ಲಿ ಬರುತ್ತದೆ? ಅಂಥದ್ದು ಬರುತ್ತಿದ್ದುದು ಶಾಹೀರರ ಹಾಡಿನಲ್ಲಿ ಮಾತ್ರ.

ಪೋವಾಡ ಮೂಲತಃ ಪ್ರತಿಭಟನೆಯ ಹಾಡಲ್ಲ. ಅದು ವೀರರನ್ನು ಹೊಗಳುವ ಹಾಡು. ಇಂದಿಗೆ ಉಳಿದಿರುವ ಅತಿ ಹಳೆಯ ಪೋವಾಡಗಳಲ್ಲಿ ಒಂದು ಅಗಿನದಾಸನದು. 1659ರಲ್ಲಿ ಶಿವಾಜಿ ಅಫಜಲಖಾನನನ್ನು ಕೊಂದ ಪ್ರಸಂಗ ಅದರ ವಸ್ತು. ಆ ಖಾನ ನಮ್ಮ ವಿಜಾಪುರದ ಸರದಾರ ಎಂಬುದನ್ನು ನೆನೆದರೆ, ಪೋವಾಡಕ್ಕೂ ನಮ್ಮ ಕಡೆಗೂ ಮೊದಲಿನಿಂದಲೇ ಒಂದು ಸಂಬಂಧವಿತ್ತೆಂದು ನಗುತ್ತ ಹೇಳಬಹುದು. ಆದರೆ ನಿಜವಾದ ಸಂಬಂಧ ಬೇರೆಯದೇ ಇದೆ. ಪೋವಾಡ ಮತ್ತು ಲಾವಣಿಯ ಮೇಳದಲ್ಲಿ ಡಫ್ಫು, ತುಣತುಣೆ, ತಾಳ ಇರುತ್ತವೆ. ನಮ್ಮ ಗೀಗೀ ಮೇಳದಲ್ಲಿ ದಪ್ಪು, ತುಂತುಣಿ, ತಾಳ ಇರುತ್ತವೆ. ಅವರ ಹಿಮ್ಮೇಳದವರು ‘ಜೀ ಜೀ’ ಎಂದು ಎತ್ತಿಕೊಂಡರೆ ನಮ್ಮವರು ‘ಗೀ ಗೀ’ ಎನ್ನುತ್ತಾರೆ. ಅವರಲ್ಲಿ ಕಲಗಿ ಮತ್ತು ತುರಾ ಪಂಗಡಗಳ ವಾದವಿದ್ದಂತೆ ನಮ್ಮಲ್ಲಿ ನಾಗೇಶಿ ಮತ್ತು ಹರದೇಶಿ. ಸೊಲ್ಲಾಪುರದವನೇ ಆದ ಶಾಹೀರ ರಾಮಜೋಶಿ ಪೇಶವೆಗಳ ಕಾಲದಲ್ಲಿ ಮರಾಠಿ, ಕನ್ನಡ, ತೆಲುಗು, ಹಿಂದುಸ್ತಾನಿ ಬೆರೆಸಿ ಲಾವಣಿ ಕಟ್ಟಿದ. ಅವನ ಊರಿನ ಸಂತೆಯಲ್ಲಿ ಈ ನಾಲ್ಕೂ ಮಾತುಗಳು ಕೇಳಿಬರುತ್ತಿದ್ದಾಗ ಅವನು ಬೇರೆ ಹೇಗೆ ಹಾಡಿಯಾನು? ಭೀಮಾ ತೀರದ ಹಲಸಂಗಿ ಇಲ್ಲಿಂದ ದೂರವೇನಲ್ಲ. ಆ ಊರಿನ ಗೆಳೆಯರು ಗರತಿಯರ ಬೀಸುಕಲ್ಲಿನ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಕಾಲದಲ್ಲಿ, ಈಚೆಯ ಬಾರ್ಶಿಯಲ್ಲಿ ಅಂಥದೇ ಬೀಸುಕಲ್ಲಿನ ಮುಂದೆ ಒಬ್ಬ ಮುಸಲ್ಮಾನ ತಾಯಿ ಮರಾಠಿ ಓವಿ ಹಾಡುತ್ತಿದ್ದಳು. ಅವಳ ಮಗನೇ ಮುಂದೆ ಅಮರ ಶೇಖನಾದ.

ಹೊಗಳಿಕೆಯ ಹಾಡನ್ನು ಪ್ರಶ್ನೆಯ ಹಾಡಾಗಿ ತಿರುಗಿಸಿದವರಲ್ಲಿ ಮೊದಲಿಗರು ಮಹಾತ್ಮಾ ಜ್ಯೋತಿಬಾ ಫುಲೆಯವರು. 1869ರಲ್ಲಿ ಅವರು ಶಿವಾಜಿಯ ಮೇಲೆ ಬರೆದ ಪೋವಾಡದಲ್ಲಿ ಅರಸನು ರೈತರ, ಶೂದ್ರರ ನಾಯಕನಾಗಿ ಕಾಣಿಸಿಕೊಳ್ಳುತ್ತಾನೆ. ಅನಂತರ ಸತ್ಯಶೋಧಕ ಜಲಸಾಗಳು ಬಂದವು, ಅವುಗಳ ಜಾಡಿನಲ್ಲಿ ಅಂಬೇಡ್ಕರರ ವಿಚಾರಗಳನ್ನು ಹಳ್ಳಿಹಳ್ಳಿಗೆ ಒಯ್ದ ಭೀಮರಾವ ಕರಡಕರ ಜಲಸಾ ಬಂತು. ಈ ದಾರಿ ತುಳಿದು ಸಿದ್ಧವಾಗಿದ್ದಾಗಲೇ ನನ್ನ ಕಥೆಯ ಇಬ್ಬರು ನಾಯಕರು ಬಂದದ್ದು.

ಅಮರ ಶೇಖರ ನಿಜವಾದ ಹೆಸರು ಮೆಹಬೂಬ ಹುಸೇನ ಪಟೇಲ. 1916ರ ಅಕ್ಟೋಬರ್ 20ರಂದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹುಟ್ಟಿದರು. ತಾಯಿ ಮುನೀರಾಬಿ. ಹಾಡಿನ ಮೊದಲ ಪಾಠ ಅವರಿಂದಲೇ ಆಯಿತು. ಬಸ್ಸಿನ ಕ್ಲೀನರ್ ಆಗಿ, ಗಿರಣಿಯ ಕೂಲಿಯಾಗಿ ದುಡಿದರು. ಬಾರ್ಶಿಯ ಗಿರಣಿ ಮುಷ್ಕರದಲ್ಲಿ ಮುಂದಾಳಾಗಿ ವಿಸಾಪುರದ ಜೈಲು ಕಂಡರು. ಅಲ್ಲಿ ಎಡಪಕ್ಷದವರ ಸಹವಾಸವಾಯಿತು. ಮುಂದೆ ಕೊಲ್ಲಾಪುರಕ್ಕೆ ಹೋಗಿ ಸಿನಿಮಾದವರ ನಡುವೆ ಕೆಲಕಾಲ ಇದ್ದರು. ಅಮರ ಶೇಖ ಎಂಬ ಹೆಸರು ಅಂಟಿಕೊಂಡದ್ದು ಆಗಲೇ. ‘ಕಲಶ’, ‘ಧರತೀಮಾತಾ’ ಎಂಬ ಕವನ ಸಂಗ್ರಹಗಳು ಅವರವು. ಆದರೆ ಅವರನ್ನು ಪುಸ್ತಕದಲ್ಲಿ ಓದಿ ತಿಳಿದವರಿಗಿಂತ ಬಯಲಿನಲ್ಲಿ ಕೇಳಿ ತಿಳಿದವರೇ ಹೆಚ್ಚು.

ಅಣ್ಣಾಭಾವು ಸಾಠೆಯವರ ಕಥೆ ಇನ್ನೂ ಕಠಿಣವಾದದ್ದು. ಅವರು 1920ರ ಆಗಸ್ಟ್ 1ರಂದು ವಾಳವಾ ತಾಲೂಕಿನ ವಾಟೇಗಾವದಲ್ಲಿ ಹುಟ್ಟಿದರು. ಅದೇ ದಿನ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಹೀಗಾಗಿ ನಮ್ಮ ಕಡೆಯ ಶಾಲೆಗಳಲ್ಲಿ ಒಂದೇ ಬೆಳಿಗ್ಗೆ ಒಬ್ಬರ ಪುಣ್ಯತಿಥಿ, ಇನ್ನೊಬ್ಬರ ಜಯಂತಿ. ಎರಡು ಭಾವಚಿತ್ರಗಳಿಗೆ ಒಂದೇ ಬುಟ್ಟಿಯ ಹೂವು. ಸಾಠೆಯವರದು ಮಾಂಗ ಜಾತಿ. ನಮ್ಮ ಕನ್ನಡದಲ್ಲಿ ಮಾದರು ಎನ್ನುತ್ತೇವಲ್ಲ, ಅದೇ ಸ್ಥಾನ. ಹಲಿಗೆ ಬಾರಿಸುವುದು, ಹಗ್ಗ ಹೊಸೆಯುವುದು, ಊರ ಕಾವಲು ಇವು ಅವರ ಪಾಲಿಗೆ ಬಂದ ಕೆಲಸಗಳು. ಮೇಲಾಗಿ ಬ್ರಿಟಿಷರ ಅಪರಾಧಿ ಬುಡಕಟ್ಟು ಕಾನೂನಿನ ಅಡಿಯಲ್ಲಿ ಹಾಜರಿ ಕೊಡುವ ಅವಮಾನ ಬೇರೆ. ಆ ಕಾನೂನು ರದ್ದಾದದ್ದು 1952ರಲ್ಲಿ. ಸೊಲ್ಲಾಪುರದಲ್ಲಿಯೂ ತಂತಿಬೇಲಿಯೊಳಗಿನ ಸೆಟ್ಲ್‌ಮೆಂಟ್ ಇತ್ತು. ಅಲ್ಲಿನ ಜನ ಹಗಲು ಗಿರಣಿಯಲ್ಲಿ ದುಡಿದು ರಾತ್ರಿ ಬೇಲಿಯೊಳಗೆ ಮರಳಬೇಕಿತ್ತು. ಹುಟ್ಟಿನಿಂದಲೇ ಕಳ್ಳರೆಂದು ಬರೆಯಲ್ಪಟ್ಟ ಆ ಜನರ ಪರವಾಗಿ ಅಣ್ಣಾಭಾವು ಮುಂದೆ ‘ಫಕೀರಾ’ ಕಾದಂಬರಿ ಬರೆದು ಅದನ್ನು ಬಾಬಾಸಾಹೇಬರ ಲೇಖನಿಗೆ ಅರ್ಪಿಸಿದರು. 1961ರಲ್ಲಿ ಅದಕ್ಕೆ ರಾಜ್ಯ ಪ್ರಶಸ್ತಿ ಬಂತು.

ಇಂಥ ಲೇಖಕರು ಶಾಲೆಗೆ ಹೋದದ್ದು ಎಷ್ಟು ದಿನ ಗೊತ್ತೇ? ಒಂದೂವರೆ ದಿನ. ಗುರುಗಳ ಹೊಡೆತಕ್ಕೆ ರೋಸಿ ಬಿಟ್ಟುಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಾಜರಿಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ ನನ್ನಂಥವನಿಗೆ ಈ ಒಂದೂವರೆ ದಿನದ ಲೆಕ್ಕ ಓದಿದಾಗಲೆಲ್ಲ ತಲೆ ತಗ್ಗುತ್ತದೆ. ಬರಗಾಲದಲ್ಲಿ ಅವರ ಕುಟುಂಬ ವಾಟೇಗಾವದಿಂದ ಮುಂಬಯಿಯವರೆಗೆ ದಾರಿಯುದ್ದಕ್ಕೂ ಕೂಲಿ ಮಾಡುತ್ತ ಕಾಲ್ನಡಿಗೆಯಲ್ಲಿ ಹೋಯಿತು. ಅಲ್ಲಿ ಅಂಗಡಿಯ ಬೋರ್ಡು, ಸಿನಿಮಾ ಪೋಸ್ಟರುಗಳನ್ನು ನೋಡುತ್ತ ಅಕ್ಷರ ಕಲಿತರು. ಕಲ್ಲಿದ್ದಲು ಹೊತ್ತರು, ಗಿರಣಿಯಲ್ಲಿ ದುಡಿದರು. ಬಂಧುಗಳಾದ ಬಾಪು ಸಾಠೆಯವರ ತಮಾಶಾ ಮೇಳದಲ್ಲಿ ಹಾಡುಗಾರಿಕೆ ಪಳಗಿತು.

1944ರಲ್ಲಿ ಅಣ್ಣಾಭಾವು, ಅಮರ ಶೇಖ ಮತ್ತು ದ. ನಾ. ಗವಾಣಕರ ಮೂವರೂ ಕೂಡಿ ‘ಲಾಲ ಬಾವಟಾ ಕಲಾಪಥಕ’ ಕಟ್ಟಿದರು. ಕೆಂಪು ಬಾವುಟದ ಕಲಾತಂಡ ಎಂದು ಅರ್ಥ. ಒಬ್ಬ ಮುಸಲ್ಮಾನ, ಒಬ್ಬ ಮಾಂಗ, ಇನ್ನೊಬ್ಬ ಮೇಲ್ಜಾತಿಯ ಹಿಂದೂ. ಆ ಕಾಲದ ಹಳ್ಳಿಯಲ್ಲಿ ಈ ಮೂವರು ಒಂದೇ ಪಂಕ್ತಿಯಲ್ಲಿ ಉಣ್ಣುವುದು ಸಾಧ್ಯವಿರಲಿಲ್ಲ, ವೇದಿಕೆಯ ಮೇಲೆ ಒಂದೇ ಉಸಿರಿನಲ್ಲಿ ಹಾಡಿದರು.

ತಂಡ ಕಟ್ಟುವ ಮೊದಲೇ ಅಣ್ಣಾಭಾವು ಸ್ಟಾಲಿನ್‌ಗ್ರಾಡಿನ ಪೋವಾಡ ಬರೆದಿದ್ದರು. ಕಣ್ಣಾರೆ ಕಾಣದ, ಹಿಮ ಮುಸುಕಿದ ಊರಿನ ಯುದ್ಧವನ್ನು ಅಫಜಲಖಾನನ ಪ್ರಸಂಗ ಹಾಡುವ ಮಟ್ಟಿನಲ್ಲಿಯೇ ಹಾಡಿದರು. ಬಂಗಾಳದ ಬರಗಾಲದ ಮೇಲೆ, ಅಮಳನೇರದಲ್ಲಿ ಗೋಲಿಬಾರಿಗೆ ಬಲಿಯಾದ ಗಿರಣಿಗಾರರ ಮೇಲೆ ಪೋವಾಡಗಳು ಬಂದವು. ವೀರನೆಂದರೆ ಕುದುರೆಯ ಮೇಲಿನ ಸರದಾರ ಎಂದಿದ್ದ ಕಡೆ ಈಗ ಮಗ್ಗದ ಮುಂದೆ ನಿಂತ ಕೂಲಿಯವ ಬಂದು ನಿಂತ. ತಮಾಶಾದ ಚೌಕಟ್ಟನ್ನೂ ಅಣ್ಣಾಭಾವು ಬದಲಿಸಿದರು. ಸಂಪ್ರದಾಯದಂತೆ ಮೊದಲು ಗಣಪತಿಯ ಗಣ, ಆಮೇಲೆ ಕೃಷ್ಣ ಮತ್ತು ಗೋಪಿಯರ ಗವಳಣ, ಆಮೇಲೆ ಕಥೆ. ಅಣ್ಣಾಭಾವು ಗಣದಲ್ಲಿ ನೆಲಕ್ಕೂ ಹುತಾತ್ಮರಿಗೂ ದುಡಿಯುವವರಿಗೂ ವಂದಿಸಿದರು. ಗವಳಣವನ್ನು ತೆಗೆದೇಬಿಟ್ಟರು. ‘ಅಕಲೇಚೀ ಗೋಷ್ಟ’ದಂಥ ಲೋಕನಾಟ್ಯಗಳು ಹೀಗೆ ಹುಟ್ಟಿದವು. ಕಥೆ ಸರಳ: ಬಡ್ಡಿಯ ಸಾಹುಕಾರನೊಬ್ಬ ರೈತನನ್ನು ಸುಲಿಯುತ್ತಾನೆ, ರೈತನಿಗೆ ಬುದ್ಧಿ ಬರುತ್ತದೆ. ಇಂದು ಓದಿದರೆ ಅಲ್ಲಲ್ಲಿ ಘೋಷಣೆಯಂತೆ ಕಾಣುವ ಮಾತುಗಳೂ ಇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಘೋಷಣೆಗೂ ನಗುವಿಗೂ ನಡುವೆ ಹೇಗೆ ನಡೆಯಬೇಕೆಂಬುದು ತಮಾಶಾದಲ್ಲಿ ಪಳಗಿದವನಿಗೆ ಗೊತ್ತಿರುತ್ತದೆ. ಭಾಷಣಕ್ಕೆ ಬಾರದ ಜನ ಇದಕ್ಕೆ ಬಂದರು.

ನಮ್ಮ ಸೊಲ್ಲಾಪುರಕ್ಕೆ ಇಂಥ ಹಾಡಿನ ಹಸಿವು ಮೊದಲೇ ಇತ್ತು. 1930ರ ಮೇ ತಿಂಗಳಲ್ಲಿ ಊರು ಬ್ರಿಟಿಷರ ಕೈಮೀರಿ ಹೋಗಿ, ಬಳಿಕ ಲಷ್ಕರಿ ಕಾಯಿದೆ ಹೇರಲ್ಪಟ್ಟಿತು. ಮುಂದಿನ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಕಿಸನ ಸಾರಡಾ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ನಾಲ್ಕು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಈ ಊರು ಎಂಥದೆಂಬುದು ತಿಳಿಯುತ್ತದೆ. ಅಂಥ ಊರಿನ ಗಿರಣಿ ಬಾಗಿಲಲ್ಲಿ ಡಫ್ಫು ಸದ್ದು ಮಾಡಿದಾಗ ಕೇಳುವವರು ಮರಾಠಿಗರೇ ಆಗಿರಬೇಕೆಂದಿರಲಿಲ್ಲ. ತಂದೆಯವರಿಗೆ ಮರಾಠಿ ಅಕ್ಷರ ಬರುತ್ತಿರಲಿಲ್ಲ. ಆದರೂ ಹತ್ತಾರು ಪೋವಾಡಗಳ ನುಡಿಗಳು ಅವರಿಗೆ ಬಾಯಿಪಾಠವಿದ್ದವು. ಜುನೀ ಮಿಲ್ಲು ಮುಚ್ಚಿದ ಆ ತಿಂಗಳುಗಳಲ್ಲಿ, ಇದು ಹಣೆಬರಹವಲ್ಲ, ಯಾರೋ ಮಾಡಿದ ಲೆಕ್ಕ ಎಂದು ತಮಗೆ ತಿಳಿಹೇಳಿದ್ದು ಆ ಹಾಡುಗಳೇ ಎಂದು ಅವರು ಹೇಳುತ್ತಿದ್ದರು. ಬಯಲಿನಲ್ಲಿ ಆ ರಾತ್ರಿ ಅವರ ಕಣ್ಣಲ್ಲಿ ನೀರು ಬಂದುದರ ಹಿಂದೆ ಇಷ್ಟು ಕಥೆ ಇತ್ತು.

ಋಣದ ಮಾತಾಯಿತು. ಇನ್ನು ತಕರಾರಿನ ಮಾತು.

1955ರ ನವೆಂಬರಿನಲ್ಲಿ ಮುಂಬಯಿಯ ಫ್ಲೋರಾ ಫೌಂಟನ್ ಬಳಿ ಸಂಯುಕ್ತ ಮಹಾರಾಷ್ಟ್ರಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಮುಂದಿನ ಕೆಲವು ತಿಂಗಳುಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳಷ್ಟು ಜನ ದುಡಿಯುವ ವರ್ಗದವರು. ಶಾಹೀರರು ಈ ಚಳವಳಿಗೆ ಧುಮುಕಿದ್ದು ಸಹಜವೇ. ಬೆವರು ಸುರಿಸಿದವರದೇ ಮುಂಬಯಿ, ಬಂಡವಾಳ ಹಾಕಿದವರದಲ್ಲ ಎಂಬುದು ಅವರ ವಾದ. ಅವರ ಕಣ್ಣಿಗೆ ಭಾಷೆಯ ನ್ಯಾಯ ಮತ್ತು ದುಡಿಮೆಯ ನ್ಯಾಯ ಎರಡೂ ಒಂದೇ ಆಗಿ ಕಂಡವು. ಆ ಕಾಲದಲ್ಲಿ ಅಣ್ಣಾಭಾವು ಬರೆದ ‘ಮಾಝೀ ಮೈನಾ’ ಎಂಬ ಛಕ್ಕಡ ಲಾವಣಿ ಮಹಾರಾಷ್ಟ್ರದ ಮೂಲೆಮೂಲೆಗೆ ಹೋಯಿತು. ಬಡವನೊಬ್ಬ ಹೊಟ್ಟೆಪಾಡಿಗಾಗಿ ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ಮುಂಬಯಿಗೆ ಬರುತ್ತಾನೆ. ಅಗಲುವಾಗ ಅವಳು ಪಟ್ಟ ಸಂಕಟವನ್ನೂ ಅವಳ ಚೆಲುವನ್ನೂ ನೆನೆಯುತ್ತಾನೆ. ಮಹಾನಗರದಲ್ಲಿ ಮಹಡಿಗಳ ನಡುವೆ ಅವನ ಹಸಿವು ಹಾಗೆಯೇ ಉಳಿಯುತ್ತದೆ. ಇಲ್ಲಿಯವರೆಗೆ ಕೇಳಿದರೆ ಅಕ್ಕಲಕೋಟೆಯಿಂದ ಪುಣೆ, ಮುಂಬಯಿಗೆ ದುಡಿಯಲು ಹೋದ ಯಾವ ಕನ್ನಡಿಗನಾದರೂ ಇದು ನನ್ನದೇ ಕಥೆ ಎನ್ನಬೇಕು. ಆಮೇಲೆ ಹಾಡು ತಿರುಗುತ್ತದೆ. ತನ್ನಿಂದ ದೂರವಾದ ಮೈನಾಳಂತೆ ಬೆಳಗಾವಿ, ಕಾರವಾರಗಳೂ ತನ್ನ ನಾಡಿನಿಂದ ದೂರವಾದವೆಂದು ಗಂಡು ಕೊರಗುತ್ತಾನೆ.

ಈ ಹಾಡನ್ನು ನಾನು ಮೊದಲು ಕೇಳಿದ್ದು ಗಣೇಶೋತ್ಸವದ ಮಂಟಪದಲ್ಲಿ, ನಮ್ಮ ಪೇಠೆಯ ಮೇಳವೊಂದರ ಬಾಯಲ್ಲಿ. ತಂದೆಯವರು ಮೊದಲಿನಿಂದ ತಲೆದೂಗುತ್ತ ಕುಳಿತಿದ್ದರು. ಬೆಳಗಾವಿಯ ಹೆಸರು ಬಂದಾಗ ಅದು ನಿಂತಿತು. ಮನೆಗೆ ಮರಳುವಾಗ ಬಹಳ ಹೊತ್ತು ಮಾತಾಡಲಿಲ್ಲ. ಓಣಿಯ ತಿರುವಿನಲ್ಲಿ ಹೇಳಿದರು: “ತಮ್ಮಾ, ಹಾಡು ಚಲೋ ಐತಿ. ಆದ್ರ ಆ ಊರು ನಮ್ಮವು.”

ಅದರ ಮೇಲೆ ಅವರು ಇನ್ನೇನೂ ಹೇಳಲಿಲ್ಲ. ಅರವತ್ತು ವರ್ಷಗಳ ನಂತರ ನನಗೂ ಹೆಚ್ಚು ಹೇಳಲು ಬರುವುದಿಲ್ಲ. ಬೆಳಗಾವಿಯ ಮೇಲೆ ನಮ್ಮದೂ ಹಾಡಿನ ಹಕ್ಕಿದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. 1956ರ ನವೆಂಬರ್ 1ರಂದು ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರಗಳು ಕನ್ನಡದ ರಾಜ್ಯಕ್ಕೆ ಸೇರಿದಾಗ ಅದು ನಮ್ಮವರ ಪಾಲಿಗೆ ಶತಮಾನದ ಅನ್ಯಾಯ ಕಳೆದ ದಿನ. ಆದರೆ ಅದೇ ದಿನ ನಾವು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರು, ಹೊರಗೆ ಉಳಿದೆವು. ನಮ್ಮ ಹೆಸರುಗಳನ್ನು ಹಿಡಿದು ಕೊರಗುವ ಲಾವಣಿ ನಮ್ಮ ಕಡೆ ಯಾವುದೂ ಅಷ್ಟು ಜನಜನಿತವಾಗಲಿಲ್ಲ. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ಅಲ್ಲಿಯೇ ಇರಲಿ, ಅಕ್ಕಲಕೋಟೆ ಮೈಸೂರು ರಾಜ್ಯಕ್ಕೆ ಬರಲಿ ಎಂದು ಹೇಳಿದಾಗ ನನಗೆ ಹದಿನೇಳು ವರ್ಷ. ಇಂದೋ ನಾಳೆಯೋ ಊರಿನ ಫಲಕ ಬದಲಾಗುವುದೆಂದು ನಾವು ಗೆಳೆಯರು ಕಾಯುತ್ತಿದ್ದೆವು.

ಆ ಕಾಯುವಿಕೆಯ ಕಹಿಯನ್ನು ಹೊತ್ತುಕೊಂಡೇ ನಾನು ಶಿಕ್ಷಕನಾದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕಲಕೋಟೆ ಕಡೆಯ ಒಂದು ಕನ್ನಡ ಶಾಲೆಯಲ್ಲಿದ್ದೆ. ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಆರನೆಯ ಇಯತ್ತೆಯ ಹುಡುಗನೊಬ್ಬ ಹಾಡಲು ವೇದಿಕೆ ಹತ್ತಿದ. ಮಾತಂಗ ಸಮಾಜದ ಹುಡುಗ, ಮನೆಮಾತು ಕನ್ನಡವೇ. ಅವನ ಅಪ್ಪ ಹಲಿಗೆ ಬಾರಿಸುವವ. ಹುಡುಗ ಅಪ್ಪನ ಹಲಿಗೆಯನ್ನೇ ಹೊತ್ತು ತಂದಿದ್ದ. ಅವನು ಎತ್ತಿಕೊಂಡದ್ದು ‘ಮಾಝೀ ಮೈನಾ’. ಅವರ ಕೇರಿಯಲ್ಲಿ ಅಣ್ಣಾಭಾವು ಜಯಂತಿಗೆ ಅದನ್ನೇ ಹಾಡುತ್ತಿದ್ದರು. ತಮ್ಮವನೊಬ್ಬ ಅಷ್ಟು ದೊಡ್ಡವನಾದನೆಂಬ ಹೆಮ್ಮೆ ಅವರದು, ಮರಾಠಿಯ ಹೆಮ್ಮೆಯಲ್ಲ. ಎರಡು ನುಡಿ ಮುಗಿಯುವಷ್ಟರಲ್ಲಿ ನಾನು ಎದ್ದುನಿಂತೆ. ಕನ್ನಡ ಶಾಲೆಯ ವೇದಿಕೆಯ ಮೇಲೆ ಈ ಹಾಡು ಬೇಡ, ಬೇರೆ ಹಾಡು ಹೇಳು ಎಂದೆ. ಹುಡುಗ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. “ನನಗ ಬ್ಯಾರೇದು ಬರೂದಿಲ್ರೀ ಸರ್” ಎಂದ. ಹಲಿಗೆ ತೆಗೆದುಕೊಂಡು ಕೆಳಗಿಳಿದ. ಮುಂದಿನ ಹುಡುಗಿ ನಾಡಗೀತೆ ಹಾಡಿದಳು, ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅಂದು ನಾನು ಕನ್ನಡವನ್ನು ಕಾಪಾಡಿದೆನೆಂದು ತಿಳಿದಿದ್ದೆ. ಅಣ್ಣಾಭಾವುಗಳ ಒಂದೂವರೆ ದಿನದ ಶಾಲೆಯ ವಿಷಯ ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಆ ಗುರುವಿನ ಕೈಯಲ್ಲಿ ಬೆತ್ತವಿತ್ತು, ನನ್ನ ಕೈಯಲ್ಲಿ ಕಾರ್ಯಕ್ರಮದ ಪಟ್ಟಿ ಇತ್ತು. ಹುಡುಗನ ಪಾಲಿಗೆ ಆ ವ್ಯತ್ಯಾಸ ಎಷ್ಟರದು ಎಂದು ಈಗ ಯೋಚಿಸುತ್ತೇನೆ. ಆ ಹಾಡಿನ ಒಂದು ನುಡಿ ನಮಗೆ ಅನ್ಯಾಯ ಮಾಡುತ್ತದೆ ಎಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಉಳಿದ ಹಾಡು ಯಾರ ಪರವಾಗಿದೆಯೋ ಅವನನ್ನೇ ನಾನು ವೇದಿಕೆಯಿಂದ ಇಳಿಸಿದ್ದೆ. ಕನ್ನಡದಲ್ಲಿ ಅವನಿಗೊಂದು ಹಾಡನ್ನು ನಾವು ಕೊಟ್ಟಿದ್ದರೆ ಅವನು ಅದನ್ನೇ ಹಾಡುತ್ತಿದ್ದ. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತ್ತು, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹೋರಾಟದ ಹಾಡುಗಳು ಮೊಳಗುತ್ತಿದ್ದವು. ಅವು ಗಡಿ ದಾಟಿ ನಮ್ಮ ಶಾಲೆಗೆ ಬರಲಿಲ್ಲ, ತರಿಸಿಕೊಳ್ಳಬೇಕೆಂದು ನಮಗೆ ಹೊಳೆಯಲೂ ಇಲ್ಲ. ನಮ್ಮ ಸಂಘದ ವೇದಿಕೆಗಳಲ್ಲಿ ವಚನ ಗಾಯನವಿತ್ತು, ನಾಡಗೀತೆಯಿತ್ತು, ಭಾವಗೀತೆಯಿತ್ತು. ಬೀಡಿ ಕಟ್ಟುವ ಹೆಣ್ಣುಮಗಳ ಹಾಡು, ಹಲಿಗೆಯವನ ಹಾಡು ಇದ್ದದ್ದು ನನಗೆ ನೆನಪಿಲ್ಲ. ಇದನ್ನು ಯಾರ ಮೇಲೂ ದೂರಾಗಿ ಬರೆಯುತ್ತಿಲ್ಲ. ಆ ಕಾರ್ಯಕ್ರಮಗಳ ಪಟ್ಟಿಗಳನ್ನು ತಯಾರಿಸಿದವರಲ್ಲಿ ನಾನೂ ಒಬ್ಬ.

ಇಬ್ಬರು ಶಾಹೀರರ ಕೊನೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಣ್ಣಾಭಾವು ರಷ್ಯಾಕ್ಕೆ ಹೋಗಿಬಂದರು, 1958ರಲ್ಲಿ ಮುಂಬಯಿಯ ಮೊದಲ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿ, ಭೂಮಿ ನಿಂತಿರುವುದು ಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ಎಂಬರ್ಥದ ಮಾತಾಡಿದರು. ಅಷ್ಟಾದರೂ ಬದುಕಿನ ಬಹುಭಾಗ ಘಾಟಕೋಪರದ ಚಿರಾಗ ನಗರದ ಜೋಪಡಿಯಲ್ಲಿಯೇ ಕಳೆಯಿತು. 1969ರ ಜುಲೈ 18ರಂದು ಬಡತನದಲ್ಲಿಯೇ ತೀರಿಕೊಂಡರು. ಅಂಚೆ ಚೀಟಿಯ ಮೇಲೆ ಅವರ ಮುಖ ಬಂದದ್ದು 2002ರಲ್ಲಿ. ಅವರು ಹೋಗಿ ಆರು ವಾರಕ್ಕೆ, ಆಗಸ್ಟ್ 29ರಂದು, ಅಮರ ಶೇಖರು ಇಂದಾಪುರದ ಬಳಿ ರಸ್ತೆ ಅಪಘಾತದಲ್ಲಿ ಹೋದರು. ಪುಣೆಯಿಂದ ಸೊಲ್ಲಾಪುರಕ್ಕೆ ಬರುವ ನಮ್ಮದೇ ರಸ್ತೆ ಅದು. ಅಂದು ತಂದೆಯವರು ಊಟ ಮಾಡಲಿಲ್ಲ.

ಕೆಲವು ವರ್ಷಗಳ ಹಿಂದೆ ಆಗಸ್ಟ್ 1ರಂದು ಆ ಹಳ್ಳಿಯಿಂದ ಫೋನು ಬಂತು. “ಸರ್, ಜಯಂತಿ ಐತ್ರಿ, ನೀವು ಬರಬೇಕ್ರಿ” ಎಂದು ಕರೆದವ ಅದೇ ಹುಡುಗ. ಈಗ ಐವತ್ತು ದಾಟಿದ ಗೃಹಸ್ಥ, ಸ್ವಂತ ಹಲಿಗೆ ಮೇಳ ಇಟ್ಟಿದ್ದಾನೆ. ಹೋದೆ. ಗುಡಿಯ ಮುಂದಿನ ಕಟ್ಟೆಯ ಮೇಲೆ ನನಗೊಂದು ಕುರ್ಚಿ ಹಾಕಿಸಿದ್ದ. ಹಾರ ಹಾಕಿ ಕನ್ನಡದಲ್ಲಿ ನನ್ನನ್ನು ಪರಿಚಯಿಸಿದ, ನ್ಯಾಯವಾಗಿ ನನಗೆ ಸಲ್ಲಬಾರದ ಒಳ್ಳೆಯ ಮಾತುಗಳನ್ನೂ ಆಡಿದ. ಹಳೆಯದನ್ನು ಎತ್ತಲಿಲ್ಲ. ನಾನು ಎತ್ತಬೇಕೆಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಹೋಗಿದ್ದೆ. ಎದ್ದುನಿಂತು, ಇವನನ್ನು ಒಮ್ಮೆ ಅರ್ಧ ಹಾಡಿಗೆ ನಿಲ್ಲಿಸಿದವ ನಾನೇ, ಅದು ತಪ್ಪಾಯಿತು ಎಂದು ಎಲ್ಲರೆದುರು ಹೇಳಿದೆ. ಅವನು ನಕ್ಕು ಹಲಿಗೆಯನ್ನು ಬೆಂಕಿಗೆ ಹಿಡಿದು ಕಾಯಿಸತೊಡಗಿದ. ಆಮೇಲೆ ‘ಮಾಝೀ ಮೈನಾ’ ಹಾಡಿದ, ಈ ಸಲ ಪೂರ್ತಿಯಾಗಿ. ಬೆಳಗಾವಿಯ ಹೆಸರು ಬಂದಾಗ ನನ್ನ ಕಡೆ ನೋಡಿದ. ಆದರೆ ಬಿಡಲಿಲ್ಲ, ಹಾಡಿಯೇ ಮುಂದೆ ಹೋದ. ಹಾಡು ಮುಗಿದ ಮೇಲೆ ಪಕ್ಕಕ್ಕೆ ಬಂದು ಕುಳಿತು, ಹಲಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: “ಸರ್, ಕನ್ನಡದಾಗ ಇಂಥಾದ್ದೊಂದು ಬರ್ಕೊಡ್ರೆಲ್ಲ? ಹುಡುಗರಿಗೆ ಕಲಿಸ್ತೀನಿ.”

ನನಗೆ ಹಾಡು ಕಟ್ಟಲು ಬರುವುದಿಲ್ಲ. ಈ ಸಮ್ಮೇಳನಕ್ಕೆ ಬರುವ ಕವಿಗಳಲ್ಲಿ ಯಾರಿಗಾದರೂ ಬಂದೀತೆಂದು ಅವನ ಕೋರಿಕೆಯನ್ನು ಇಲ್ಲಿ ಬರೆದಿಟ್ಟಿದ್ದೇನೆ.